ಮೂರನೇ ಮೈಕಿನ ಪಾಸ್‌ವರ್ಡ್

ಕಳೆದ ಶನಿವಾರ ಸಂಜೆ ನಾನು ಶಿಳ್‌ಫಾಟಾದ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದ ಬಸ್ಸಿನ ಕಿಟಕಿ ಪಕ್ಕ ಕೂತಿದ್ದೆ. ಮುಂದೆ ಭಿವಂಡಿಗೆ ಹೋಗುವ ಕಂಟೇನರ್ ಲಾರಿ, ಹಿಂದೆ ಇನ್ನೊಂದು ಕಂಟೇನರ್ ಲಾರಿ. ತೊಡೆಯ ಮೇಲೆ ಲ್ಯಾಪ್‌ಟಾಪ್. ಅದರ ಪರದೆಯಲ್ಲಿ ಡೊಂಬಿವಲಿಯ ನಮ್ಮ ಕನ್ನಡ ಸಂಘದ ಸಭಾಂಗಣ.

ಅಲ್ಲಿ ಮುಖ್ಯ ಅತಿಥಿಗಳು ಭಾಷಣ ಮಾಡುತ್ತಿದ್ದರು. ಅವರ ಮೈಕಿನ ವಾಲ್ಯೂಮ್ ತೋರಿಸುವ ಗೆರೆ ನನ್ನ ಕಣ್ಣೆದುರೇ ಕೆಳಗಿಳಿಯಿತು. ಮತ್ತೆ ಮೇಲೇರಿತು. ಮತ್ತೆ ಇಳಿಯಿತು. ನನ್ನ ಇಯರ್‌ಫೋನಿನಲ್ಲಿ "ಕನ್ನಡದ ಅಭಿಮಾನ ಎನ್ನುವುದು" ಎಂಬಷ್ಟು ಪಿಸುಮಾತಾಗಿ ಬಂತು. "ನಮ್ಮ ರಕ್ತದಲ್ಲೇ ಇರಬೇಕು" ಎಂಬುದು ಗುಡುಗಿನಂತೆ ಬಂತು.

ನಾನು ಏನನ್ನೂ ಮುಟ್ಟಿರಲಿಲ್ಲ.

ಮತ್ತೆ ಮುಟ್ಟುತ್ತಿರುವವರು ಯಾರು? ಪರದೆಯ ಮೂಲೆಯಲ್ಲಿ ಹೆಸರು ಬರುತ್ತದೆ, ನೋಡಿದೆ. ಇಳಿಸಿದವರು: ಪ್ರಭಾಕರ. ಏರಿಸಿದವರು: ಪ್ರಭಾಕರ. ಮತ್ತೆ ಇಳಿಸಿದವರು: ಪ್ರಭಾಕರ.

ಪ್ರಭಾಕರ ಮಾಮ ನಮ್ಮ ಸಂಘದ ಕಾರ್ಯದರ್ಶಿ. ಆ ಹೊತ್ತಿನಲ್ಲಿ ಅವರು ವೇದಿಕೆಯ ಮೇಲೆ ಎರಡೂ ಕೈ ಕಟ್ಟಿಕೊಂಡು ಕೂತಿರುವುದು ಸಭಾಂಗಣದ ಕ್ಯಾಮೆರಾದಲ್ಲಿ ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು.

ಇಲ್ಲಿ ನನ್ನ ನೌಕರಿಯ ವಿಷಯ ಹೇಳಲೇಬೇಕು. ಈ ಅಂಕಣದಲ್ಲಿ ಇಷ್ಟು ದಿನ ಅದರಿಂದ ತಪ್ಪಿಸಿಕೊಂಡಿದ್ದೆ. ನಮ್ಮ ಆಫೀಸು ಮಹಾಪೆಯಲ್ಲಿದೆ. ಬೇರೆ ಬೇರೆ ಕಂಪೆನಿಗಳ ಮೀಟಿಂಗ್ ರೂಮುಗಳಲ್ಲಿರುವ ಪ್ರೊಜೆಕ್ಟರ್, ಮೈಕ್, ಕ್ಯಾಮೆರಾ, ಸ್ಪೀಕರುಗಳನ್ನು ನಾವು ನೆಟ್‌ವರ್ಕಿನ ಮೂಲಕ ಕೂತಲ್ಲಿಂದಲೇ ನೋಡಿಕೊಳ್ಳುತ್ತೇವೆ. ಪುಣೆಯಲ್ಲಿ ಯಾರೋ ಸಾಹೇಬರ ಪರದೆಯಲ್ಲಿ ಚಿತ್ರ ಬರದಿದ್ದರೆ ಮಹಾಪೆಯಿಂದ ನಾನು ಸರಿ ಮಾಡುತ್ತೇನೆ. (ಎಷ್ಟೋ ಸಲ ಅಲ್ಲಿ ವಯರನ್ನೇ ಸಿಕ್ಕಿಸಿರುವುದಿಲ್ಲ. ಅದನ್ನು ಮಹಾಪೆಯಿಂದ ಸಿಕ್ಕಿಸಲು ಬರುವುದಿಲ್ಲ.)

ರಿಪೇರಿಗಿಂತ ದೊಡ್ಡ ಕೆಲಸ ಇನ್ನೊಂದಿದೆ. ನಾನು ದೂರದಿಂದ ಒಳಗೆ ಹೋಗುವ ಬಾಗಿಲಿನಲ್ಲಿ ಬೇರೆ ಯಾರೂ ಹೋಗದಂತೆ ಕಾಯುವುದು. ರೂಮಿನ ಮೈಕ್ ಎಂದರೆ ಒಂದು ಕಿವಿ. ಕ್ಯಾಮೆರಾ ಎಂದರೆ ಒಂದು ಕಣ್ಣು. ನಮ್ಮ ಕಣ್ಣು ಕಿವಿಗಳನ್ನು ಬೀಗ ಹಾಕದೆ ಬೀದಿಯಲ್ಲಿ ಬಿಟ್ಟುಬಿಡುತ್ತೇವೆಯೇ?

ಅಮ್ಮ ಇದನ್ನೆಲ್ಲ ಒಂದೇ ಮಾತಿನಲ್ಲಿ ಮುಗಿಸುತ್ತಾಳೆ. ಮಗಳು ಎಂತ ಮಾಡುದು ಎಂದು ಯಾರಾದರೂ ಕೇಳಿದರೆ, "ದೂರದಿಂದ ವಾಲ್ಯೂಮ್ ಹೆಚ್ಚು ಕಮ್ಮಿ ಮಾಡುದು. ಕೂತು ಮಾಡುವ ಕೆಲಸ," ಎನ್ನುತ್ತಾಳೆ. ಮದುವೆ ಸಂಬಂಧ ತಂದವರಿಗೂ ಇದೇ ಉತ್ತರ. ಅವರಲ್ಲಿ ಒಬ್ಬರು, "ಟಿವಿ ರಿಮೋಟಿನ ಫ್ಯಾಕ್ಟರಿಯಾ?" ಎಂದು ಕೇಳಿದ್ದರಂತೆ. ಅಮ್ಮ ಹೌದು ಎಂದಳಂತೆ.

ಈಗ ಸಂಘದ ಕತೆ.

ನಮ್ಮ ಸಭಾಂಗಣದಲ್ಲಿ ಮೊದಲು ಒಂದು ಹಳೆಯ ಆಂಪ್ಲಿಫೈಯರ್ ಇತ್ತು. ವೇದಿಕೆಯ ಬದಿಯ ಕಪಾಟಿನಲ್ಲಿ ವಾಸ. ಕಪಾಟಿನ ಬೀಗದ ಕೈ ವಾಸಣ್ಣನ ಜೇಬಿನಲ್ಲಿ. ವಾಸಣ್ಣನಿಗೆ ನೌಪಾಡಾದಲ್ಲಿ ಹೋಟೆಲಿದೆ. ಮನೆ ಡೊಂಬಿವಲಿಯಲ್ಲಿ. ಸಂಘದಲ್ಲಿ ಅವರಿಗೆ ಯಾವ ಹುದ್ದೆಯೂ ಇಲ್ಲ, ವಾಲ್ಯೂಮ್ ಗುಂಡಿಯೇ ಅವರ ಹುದ್ದೆ. ಯಾರದಾದರೂ ಭಾಷಣ ಉದ್ದವಾದರೆ ವಾಸಣ್ಣ ಎದ್ದು ಕಪಾಟಿನ ಪಕ್ಕ ಹೋಗಿ ನಿಲ್ಲುತ್ತಿದ್ದರು. ಅದು ಎಚ್ಚರಿಕೆ. ಆಗಲೂ ಮುಗಿಸದಿದ್ದರೆ ಗುಂಡಿ ಸ್ವಲ್ಪ ಸ್ವಲ್ಪವೇ ಎಡಕ್ಕೆ ತಿರುಗುತ್ತಿತ್ತು. ಭಾಷಣಕಾರರು ತಮ್ಮ ಗಂಟಲೇ ಸೋತಿತೆಂದು ತಿಳಿದು ನೀರು ಕುಡಿದು ಕೂತುಬಿಡುತ್ತಿದ್ದರು. ಇಷ್ಟು ಮರ್ಯಾದೆಯಿಂದ ಭಾಷಣ ನಿಲ್ಲಿಸುವ ಪದ್ಧತಿ ಬೇರೆಲ್ಲಾದರೂ ಉಂಟೆ?

ಆ ಆಂಪ್ಲಿಫೈಯರ್ ಒಂದು ದಿನ ಹೊಗೆ ಬಿಟ್ಟು ಕಣ್ಣು ಮುಚ್ಚಿತು. ಅದೇ ಸಮಯಕ್ಕೆ ನಮ್ಮ ಸದಸ್ಯರೊಬ್ಬರ ಕಂಪೆನಿ ತನ್ನ ಮೀಟಿಂಗ್ ರೂಮನ್ನು ಹೊಸದು ಮಾಡಿ, ಹಳೆಯ ಸೆಟ್ಟನ್ನು ಸಂಘಕ್ಕೆ ಕೊಟ್ಟಿತು. ಪ್ರೊಜೆಕ್ಟರ್, ಕ್ಯಾಮೆರಾ, ನಾಲ್ಕು ಮೈಕ್, ಎಲ್ಲವೂ ನೆಟ್‌ವರ್ಕಿನಲ್ಲಿ ನಡೆಯುವಂಥವು. ಗುಂಡಿ ಎಂಬುದೇ ಇಲ್ಲ, ಎಲ್ಲ ಫೋನಿನ ಪರದೆಯಲ್ಲಿ. ಕೂಡಿಸಿ ಕೊಡುವ ಕೆಲಸ ನನಗೆ ಬಂತು.

ಕೆಲವು ಷರತ್ತು ಹಾಕಿದೆ. ಸಭಾಂಗಣಕ್ಕೆ ಬಂದವರು ಬಳಸುವ ವೈ-ಫೈ ಬೇರೆ, ಯಂತ್ರಗಳ ವೈ-ಫೈ ಬೇರೆ. ಯಂತ್ರ ನಡೆಸುವವರಿಗೆ ಅವರವರದೇ ಲಾಗಿನ್. ನಾನು ಹೊರಗಿನಿಂದ ಬರುವಾಗ ವಾಲ್ಯೂಮ್ ಮುಟ್ಟಬಹುದು, ಪರದೆಯ ಮೇಲೆ ಸ್ವಾಗತದ ಬರಹ ಹಾಕಬಹುದು. ಆದರೆ ಯಾರು ಯಾರು ಒಳಗಿದ್ದಾರೆಂದು ನೋಡುವುದು, ಅವರನ್ನು ಹೊರಗೆ ಹಾಕುವುದು, ಪಾಸ್‌ವರ್ಡ್ ಬದಲಿಸುವುದು ಇಂಥದ್ದಕ್ಕೆ ಕಾರ್ಯದರ್ಶಿಯ ಫೋನಿಗೆ ಒಪ್ಪಿಗೆ ಕೇಳಿ ಸಂದೇಶ ಹೋಗಬೇಕು. ಅವರು ಒತ್ತಿದರೆ ಮಾತ್ರ ಬಾಗಿಲು ತೆರೆಯುತ್ತದೆ. ನಾಳೆ ನನ್ನ ಲ್ಯಾಪ್‌ಟಾಪನ್ನೇ ಯಾರಾದರೂ ಟ್ರೇನಿನಲ್ಲಿ ಎಗರಿಸಿದರೆ?

ಕಮಿಟಿಗೆ ಇದೆಲ್ಲ ಅತಿಯಾಯಿತೆನಿಸಿತು.

"ನಮ್ಮಲ್ಲಿ ಕದಿಯುವಂಥದ್ದು ಎಂತ ಉಂಟು ಮಾರಾಯ್ತಿ?" ಎಂದರು ವಾಸಣ್ಣ. ಗುಂಡಿ ಹೋದ ದುಃಖ ಅವರ ಮುಖದಲ್ಲಿತ್ತು. "ಎರಡು ಸ್ಪೀಕರು, ಗೋಡೆಯಲ್ಲಿ ನಾಲ್ಕು ಫೋಟೊ. ಫೋಟೊದವರೂ ಹೋಗಿ ಎಷ್ಟೋ ಕಾಲ ಆಯ್ತು."

"ಮೈಕ್ ಉಂಟಲ್ವಾ ವಾಸಣ್ಣ. ಬೀಗ ಇಲ್ಲದಿದ್ರೆ ಕಮಿಟಿ ಮೀಟಿಂಗಿನ ಮಾತು ಯಾರು ಬೇಕಾದ್ರೂ ಮನೆಯಲ್ಲಿ ಕೂತು ಕೇಳ್ಬಹುದು," ಎಂದೆ.

ಹಿಂದಿನ ಮೀಟಿಂಗಿನಲ್ಲಿ ಊಟದ ಕೇಟರಿಂಗ್ ಯಾರಿಗೆ ಕೊಡುವುದು ಎಂಬ ವಿಷಯದಲ್ಲಿ ಆಡಿದ ಮಾತುಗಳು ಒಬ್ಬರಿಗೂ ಮರೆತಿರಲಿಲ್ಲ. ಧಾರವಾಡ ಕಡೆಯ ಸದಸ್ಯರೊಬ್ಬರು ಗಂಟಲು ಸರಿಮಾಡಿಕೊಂಡು, "ಹಂಗಾರ ಎರಡು ಬೀಗ ಹಾಕ್ರಿ," ಎಂದರು. ಷರತ್ತುಗಳು ಸರ್ವಾನುಮತದಿಂದ ಪಾಸಾದವು.

ಪ್ರಭಾಕರ ಮಾಮನಿಗೆ ನಾನೇ ಕೂತು ಕಲಿಸಿದೆ. ಅವರು ಕಲ್ಯಾಣದಲ್ಲಿ ಬಹಳ ಕಾಲ ಹೋಟೆಲು ನಡೆಸಿ ಈಗ ಮಗನಿಗೆ ಬಿಟ್ಟುಕೊಟ್ಟವರು. ಅಪ್ಪನ ಗೆಳೆಯರು, ನನ್ನನ್ನು ತೊಟ್ಟಿಲಲ್ಲಿ ನೋಡಿದವರು.

"ಒಪ್ಪಿಗೆಯ ಮೆಸೇಜ್ ಬಂತು ಅಂತ ಒತ್ತಿಬಿಡ್ಬೇಡಿ ಮಾಮ. ಕೇಳ್ತಿರುದು ನಾನೇ ಅಂತ ಖಾತ್ರಿ ಆದ್ಮೇಲೆ ಮಾತ್ರ."

"ನಿಂಗೆ ಒಂದು ಫೋನ್ ಮಾಡಿ ಕೇಳಿದ್ರೆ ಆಯ್ತಲ್ಲ?"

"ಈಗ ಧ್ವನಿಯನ್ನೂ ನಕಲು ಮಾಡ್ತಾರೆ."

"ಹೌದಾ? ಮತ್ತೆ ಎಂತ ಮಾಡುದು?"

"ನನಗೂ ನಿಮಗೂ ಮಾತ್ರ ಗೊತ್ತಿರುವ ಒಂದು ವಿಷಯ ಕೇಳಿ."

ಅವರು ಗಂಭೀರವಾಗಿ ತಲೆಯಾಡಿಸಿದರು. ಆ ಮಾತನ್ನು ನಾನು ಎಷ್ಟು ಸಲೀಸಾಗಿ ಆಡಿಬಿಟ್ಟೆ.

ಇನ್ನು ಸುಮತಿಯಕ್ಕ. ಕಳೆದ ಶನಿವಾರದ ಕಾರ್ಯಕ್ರಮದಲ್ಲಿ ನನಗೆ ಮುಖ್ಯವಾಗಿದ್ದವರು ಅವರೊಬ್ಬರೇ.

ಸುಮತಿಯಕ್ಕ ವಾಸಣ್ಣನ ಹೆಂಡತಿ. ನೌಪಾಡಾದ ಹೋಟೆಲಿನ ಸಾಂಬಾರಿನ ಪುಡಿ ಈಗಲೂ ಅವರ ಕೈಯದೇ. ಮಾತು ಕಡಿಮೆ, ಸ್ವರ ಇನ್ನೂ ಕಡಿಮೆ. ಇಂಥವರು ಹೋದ ವರ್ಷ ಮಹಿಳಾ ವಿಭಾಗದ ತಾಳಮದ್ದಲೆಯಲ್ಲಿ ಅರ್ಥ ಹೇಳಲು ಕೂತರು. (ತಾಳಮದ್ದಲೆ ನೋಡದವರಿಗಾಗಿ: ಇದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಕುರ್ಚಿಯಲ್ಲಿ ಕೂತವರು ತಾವೇ ಪಾತ್ರವಾಗಿ ಆ ಪದ್ಯವನ್ನು ಮಾತಿನಲ್ಲಿ ಬೆಳೆಸುತ್ತಾರೆ, ಎದುರಿನವರೊಡನೆ ವಾದಕ್ಕಿಳಿಯುತ್ತಾರೆ. ಬರೆದಿಟ್ಟ ಸಂಭಾಷಣೆ ಇರುವುದಿಲ್ಲ. ಮಾತೇ ಬಣ್ಣ, ಮಾತೇ ಕಿರೀಟ.)

ಹೋದ ವರ್ಷ ಅವರ ಮಾತು ಹಿಂದಿನ ಸಾಲಿಗೆ ತಲುಪಲೇ ಇಲ್ಲ. ಮೊದಲು "ಕೇಳುದಿಲ್ಲ" ಎಂಬ ಕೂಗು ಬಂತು. ಆಮೇಲೆ ಹಿಂದಿನ ಸಾಲು ತನ್ನದೇ ಹರಟೆ ಸುರು ಮಾಡಿತು. ಆಮೇಲೆ ಮಧ್ಯದ ಸಾಲು. ಸುಮತಿಯಕ್ಕ ಹೇಗೋ ಮುಗಿಸಿ, ಊಟಕ್ಕೂ ನಿಲ್ಲದೆ ಮನೆಗೆ ಹೋದರು.

ಈ ವರ್ಷ ರಾಣಿಯ ಪಾತ್ರಕ್ಕೆ ಜನ ಸಿಗದೆ ಮತ್ತೆ ಅವರನ್ನೇ ಒತ್ತಾಯಿಸಿದರು. ಕತೆ ಸರಳ. ಗಂಡ ಊರಲ್ಲಿಲ್ಲದಾಗ ವೈರಿ ರಾಜನ ರಾಯಭಾರಿ ಬರುತ್ತಾನೆ, ಕೋಟೆ ಬಿಟ್ಟುಕೊಡು ಎನ್ನುತ್ತಾನೆ. ರಾಣಿ ಅವನನ್ನು ಮಾತಿನಲ್ಲೇ ಸೋಲಿಸಿ ಕಳಿಸಬೇಕು. ರಾಯಭಾರಿಯ ಪಾತ್ರಕ್ಕೆ ಬ್ಯಾಂಕಿನಿಂದ ನಿವೃತ್ತರಾದ ಶಕುಂತಲಾ ಆಂಟಿ. ಅವರಿಗೆ ಮೈಕ್ ಕೊಡುವುದೇ ದಂಡ, ಡೊಂಬಿವಲಿ ಪೂರ್ವದಲ್ಲಿ ಮಾತಾಡಿದರೆ ಪಶ್ಚಿಮಕ್ಕೆ ಕೇಳುತ್ತದೆ.

ಸುಮತಿಯಕ್ಕ ನಮ್ಮ ಮನೆಗೆ ಬಂದರು.

"ನನ್ನ ಸ್ವರ ಹಿಂದಿನ ಸಾಲಿಗೆ ಹೋಗುದಿಲ್ಲ ಮಗ. ನಿಂಗೆ ಗೊತ್ತುಂಟಲ್ಲ."

"ಹೋಗುವ ಹಾಗೆ ಮಾಡುದೇ ನನ್ನ ಕೆಲಸ ಸುಮತಿಯಕ್ಕ. ನಿಮ್ಮ ಮೈಕ್ ನಾನು ನೋಡಿಕೊಳ್ತೇನೆ."

"ಈ ಸಲವೂ ಕೇಳದಿದ್ರೆ ನಾನು ಇನ್ನು ಆ ಕುರ್ಚಿಯ ಹತ್ತಿರವೂ ಹೋಗ್ಲಿಕ್ಕಿಲ್ಲ. ಈಗಲೇ ಹೇಳಿದ್ದೇನೆ."

ಇದು ಬೆದರಿಕೆಯಲ್ಲ, ತಿಳಿವಳಿಕೆ ಎಂಬಂತೆ ಹೇಳಿದರು. ಆಮೇಲೆ ಅಮ್ಮನ ಒಗ್ಗರಣೆಗೆ ಇನ್ನೂ ಸ್ವಲ್ಪ ಇಂಗು ಬೇಕಿತ್ತು ಎಂದರು. ನನಗೆ ಅವರ ಅಭ್ಯಾಸ ಕೇಳಿ ಗೊತ್ತಿತ್ತು. ಮನೆಯಲ್ಲಿ, ನಾಲ್ಕು ಜನರ ನಡುವೆ, ಆ ಸಣ್ಣ ಸ್ವರದಲ್ಲೇ ಶಕುಂತಲಾ ಆಂಟಿಯ ಬಾಯಿ ಕಟ್ಟಿಹಾಕಿದ್ದರು. ಅದು ಸಭೆಗೂ ಕೇಳಬೇಕು, ಅಷ್ಟೇ.

ಈಗ ಬಸ್ಸಿಗೆ ವಾಪಸಾಗೋಣ.

ಶನಿವಾರ ಮಧ್ಯಾಹ್ನಕ್ಕೆ ಮುಗಿಯಬೇಕಾಗಿದ್ದ ಆಫೀಸಿನ ಕೆಲಸ ಎಳೆಯಿತು. ಓಡಿ ಬಸ್ಸು ಹಿಡಿದೆ. ಶಿಳ್‌ಫಾಟಾದಲ್ಲಿ ಬಸ್ಸು ನಿಂತಿತು. ನಿಂತೇ ಇತ್ತು. (ಆ ರಸ್ತೆಯಲ್ಲಿ ದಿನಾ ಓಡಾಡುವವರಿಗೆ ಹೆಚ್ಚು ವಿವರ ಬೇಡ. ಉಳಿದವರು ನಂಬುವುದಿಲ್ಲ.) ನನ್ನ ಸ್ವಂತ ಲ್ಯಾಪ್‌ಟಾಪ್ ತೆಗೆದು, ಫೋನಿನ ಇಂಟರ್ನೆಟ್ಟಿಗೆ ಜೋಡಿಸಿ, ಸಂಘದ ಯಂತ್ರಗಳ ಒಳಗೆ ಹೋದೆ. ಆಗ ಕಂಡದ್ದೇ ಮೇಲೆ ಹೇಳಿದ ದೃಶ್ಯ: ಕೈ ಕಟ್ಟಿ ಕೂತ ಪ್ರಭಾಕರ ಮಾಮ, ಅವರ ಹೆಸರಿನಲ್ಲಿ ಏರುತ್ತ ಇಳಿಯುತ್ತ ಇರುವ ವಾಲ್ಯೂಮ್.

ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮಾಮ ಯಂತ್ರಗಳ ವೈ-ಫೈಯನ್ನೂ ತಮ್ಮ ಪಾಸ್‌ವರ್ಡನ್ನೂ ಕೇಳಿದವರಿಗೆಲ್ಲ ಕೊಟ್ಟಿದ್ದರು. ಹಿಂದೆ ಕೂತವರು ಕೇಳುವುದಿಲ್ಲವೆಂದು ಏರಿಸುತ್ತಿದ್ದರು. ಸ್ಪೀಕರಿನ ಎದುರು ಕೂತವರು ಕಿವಿ ನೋಯುತ್ತದೆಂದು ಇಳಿಸುತ್ತಿದ್ದರು. ಮತ್ತೆ ಯಾರೋ ಒಬ್ಬರು, ಭಾಷಣ ಮುಗಿಯಲೆಂದು ಹದವಾಗಿ, ಸ್ವಲ್ಪ ಸ್ವಲ್ಪವೇ ಇಳಿಸುತ್ತಿದ್ದರು. ಆ ಕೈಯ ಗುರುತು ನನಗೆ ಸಿಕ್ಕಿತು.

ಹೀಗೇ ಬಿಟ್ಟರೆ ಮುಂದಿನದು ತಾಳಮದ್ದಲೆ. ಸುಮತಿಯಕ್ಕನ ಎದುರಿಗಿರುವುದು ಮೂರನೇ ಮೈಕ್. ನಾನು ಅದನ್ನು ಎಷ್ಟೇ ಹದಕ್ಕೆ ತಂದಿಟ್ಟರೂ ಈ ಜನ ಬಿಡುತ್ತಾರೆಯೇ? ಎಲ್ಲರನ್ನೂ ಹೊರಗೆ ಹಾಕಬೇಕು. ಅದಕ್ಕೆ ಮಾಮನ ಒಪ್ಪಿಗೆ ಬೇಕು. ಮಾಮನ ಫೋನಿಗೆ ಸಂದೇಶ ಕಳಿಸಿದೆ. ಉತ್ತರವಿಲ್ಲ. ಕರೆ ಮಾಡಿದೆ. ಸ್ವಿಚ್ ಆಫ್.

ಹಾಗಿರಲೇಬೇಕಿತ್ತು. ಕಾರ್ಯಕ್ರಮದ ಮೊದಲು ಮೈಕ್ ಹಿಡಿದು, "ದಯವಿಟ್ಟು ಎಲ್ಲರೂ ಮೊಬೈಲ್ ಬಂದ್ ಮಾಡಿ," ಎಂದು ಕೇಳಿಕೊಳ್ಳುವವರು ಅವರೇ. ಇಡೀ ಸಭೆಯಲ್ಲಿ ಆ ಮಾತನ್ನು ಪಾಲಿಸಿದವರೂ ಅವರೊಬ್ಬರೇ.

ವಾಸಣ್ಣನಿಗೆ ಕರೆ ಮಾಡಿದೆ. ಕಟ್ ಮಾಡಿದರು. ಕೈಗೆ ಬೇರೆ ಕೆಲಸವಿತ್ತಲ್ಲ.

ಪಕ್ಕದ ಸೀಟಿನಲ್ಲಿ ಅಮ್ಮನ ವಯಸ್ಸಿನ ಒಬ್ಬರು ಮರಾಠಿ ಕಾಕು ಕೂತಿದ್ದರು. ಅಷ್ಟು ಹೊತ್ತಿನಿಂದ ನನ್ನ ಪರದೆಯನ್ನೇ ನೋಡುತ್ತಿದ್ದರು. "ಗೇಮ್ ಆಹೆ ಕಾ?" ಎಂದು ಕೇಳಿದರು. ಆಟವಾ ಎಂದು.

"ನಾಹಿ ಕಾಕು, ಕಾಮ್ ಆಹೆ," ಎಂದೆ. ಅಲ್ಲ, ಕೆಲಸ ಎಂದು. ಅವರು ನಂಬಲಿಲ್ಲ.

ನನ್ನ ಕೈಯಲ್ಲಿ ಉಳಿದಿದ್ದ ದಾರಿ ಒಂದೇ. ಒಪ್ಪಿಗೆ ಇಲ್ಲದೆಯೂ ನಾನು ಮಾಡಬಹುದಾದದ್ದು, ವೇದಿಕೆಯ ಹಿಂದಿನ ದೊಡ್ಡ ಪರದೆಯಲ್ಲಿ ಬರೆಯುವುದು. ಅಲ್ಲಿ "ಸರ್ವರಿಗೂ ಸುಸ್ವಾಗತ" ಎಂದಿತ್ತು.

ನಾನು ಸಾಮಾನ್ಯವಾಗಿ ಗುಂಪಿನಲ್ಲಿ ಮಾತಾಡುವವಳಲ್ಲ. ಸಂಘದ ವಾಟ್ಸಾಪ್ ಗ್ರೂಪಿನಲ್ಲಿ ಹುಟ್ಟುಹಬ್ಬದ ಶುಭಾಶಯಕ್ಕೆ ಒಂದು ಹೂವು ಹಾಕುವಾಗಲೂ ಯೋಚಿಸುತ್ತೇನೆ. ಆದರೂ ಮುಖ್ಯ ಅತಿಥಿಗಳು ನೀರು ಕುಡಿದು ಕೂತ ತಕ್ಷಣ ಸುಸ್ವಾಗತ ಅಳಿಸಿ ಹೀಗೆ ಬರೆದೆ: "ಪ್ರಭಾಕರ ಮಾಮ, ದಯವಿಟ್ಟು ನಿಮ್ಮ ಫೋನ್ ಆನ್ ಮಾಡಿ, ಬಂದ ಮೆಸೇಜಿಗೆ ಅಪ್ರೂವ್ ಒತ್ತಿ."

ಸಭೆ ಓದಿತು. ಕೆಲವರು ಗಟ್ಟಿಯಾಗಿ ಓದಿದರು. ಪರದೆಗೆ ಬೆನ್ನು ಹಾಕಿದ್ದ ಮಾಮನಿಗೆ ಜನ ಕೈ ಮಾಡಿ ತೋರಿಸಿದರು. ಅವರು ತಿರುಗಿ ಓದಿ, ಫೋನ್ ಆನ್ ಮಾಡಿದರು. ಇನ್ನೇನು ಒತ್ತುತ್ತಾರೆ ಎಂದುಕೊಂಡೆ. ಒತ್ತಲಿಲ್ಲ. ಮೈಕಿನ ಹತ್ತಿರ ಬಂದು ಪರದೆಯನ್ನೇ ಉದ್ದೇಶಿಸಿ ಮಾತಾಡಿದರು.

"ಇದು ನೀನೇ ಅಂತ ನಂಗೆ ಹೇಗೆ ಗೊತ್ತಾಗುದು?"

ನಾನು ಕಲಿಸಿದ್ದರಲ್ಲಿ ಮಾಮ ಒಂದೇ ಒಂದನ್ನು ಅಕ್ಷರಶಃ ಪಾಲಿಸಲು ಆರಿಸಿಕೊಂಡ ಗಳಿಗೆ ಅದಾಗಿತ್ತು.

ಪರದೆಯಲ್ಲಿ ಬರೆದೆ: "ನಾನೇ ಮಾಮ. ಬಸ್ಸಿನಲ್ಲಿದ್ದೇನೆ. ಬೇಕಾದರೆ ಫೋನ್ ಮಾಡುತ್ತೇನೆ."

"ಫೋನ್ ಬೇಡ. ಧ್ವನಿ ನಕಲು ಮಾಡ್ತಾರೆ ಅಂತ ಹೇಳಿದ್ದು ನೀನೇ ಅಲ್ವಾ? ನೀನು ಆಗಿದ್ರೆ." ಸಭೆಯ ಕಡೆ ತಿರುಗಿ ವಿವರಿಸಿದರು. "ಈಗ ಹಾಗೆಲ್ಲ ಮೋಸ ಉಂಟು. ನಾವು ಜಾಗ್ರತೆ ಇರ್ಬೇಕು." ಮತ್ತೆ ಪರದೆಗೆ, "ಒಂದು ಪ್ರಶ್ನೆ ಕೇಳ್ತೇನೆ. ಸಣ್ಣದಿರುವಾಗ ನೀನು ನಮ್ಮ ಕಲ್ಯಾಣದ ಹೋಟೆಲಿಗೆ ಬಂದ್ರೆ ನಾನು ನಿನ್ನನ್ನು ಎಂತ ಹೇಳಿ ಕರೀತಿದ್ದೆ? ಅದನ್ನು ಬರಿ, ನೋಡುವ."

ಬಸ್ಸಿನಲ್ಲಿ ನಾನು ಕೀಬೋರ್ಡಿನಿಂದ ಕೈ ತೆಗೆದೆ.

ಆ ಹೆಸರು ಮಾಮನಿಗೆ ಗೊತ್ತು, ಅಪ್ಪ ಅಮ್ಮನಿಗೆ ಗೊತ್ತು, ನನಗೆ ಗೊತ್ತು. ಕಾಲೇಜಿನ ಗೆಳತಿಯರಿಗೂ ಗೊತ್ತಿಲ್ಲದಂತೆ ಕಾಪಾಡಿಕೊಂಡು ಬಂದಿದ್ದೆ. ಯಾವ ಪಾಸ್‌ವರ್ಡನ್ನೂ ಅಷ್ಟು ಜೋಪಾನ ಮಾಡಿಲ್ಲ. ಒಂದು ಕಡೆ ಅದು. ಇನ್ನೊಂದು ಕಡೆ, ಕ್ಯಾಮೆರಾದ ಮೂಲೆಯಲ್ಲಿ, ಮೂರನೇ ಮೈಕಿನ ಎದುರಿಗೆ ಬಂದು ಕೂತು ಸೆರಗು ಸರಿಮಾಡಿಕೊಳ್ಳುತ್ತಿದ್ದ ಸುಮತಿಯಕ್ಕ.

ಬರೆದೆ.

(ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಂದು ತಿಂಡಿಯ ಹೆಸರು ಎಂದಷ್ಟೇ ಹೇಳಬಲ್ಲೆ. ಅದು ದುಂಡಗಿರುತ್ತದೆ, ಎಣ್ಣೆಯಲ್ಲಿ ಕರಿದದ್ದು. ಸುಳಿವು ಇಷ್ಟು ಸಾಕು.)

ಆರಡಿ ಅಗಲದ ಪರದೆಯಲ್ಲಿ, ದಪ್ಪಕ್ಷರದಲ್ಲಿ. ಸಭೆ ನಕ್ಕ ಸದ್ದು ನಾಲ್ಕೂ ಮೈಕಿನಿಂದ ಒಟ್ಟಿಗೆ ನನ್ನ ಕಿವಿಗೆ ಬಂತು. ಹಲವರು ಫೋಟೊ ತೆಗೆದರು. ಮಾಮ ಸಂತೋಷದಿಂದ, "ಹಾ, ಇದು ಅವಳೇ," ಎಂದು ಘೋಷಿಸಿ ಅಪ್ರೂವ್ ಒತ್ತಿದರು.

"ಕಾಯ್ ಲಿಹಿಲಂ?" ಎಂದು ಕಾಕು ಕೇಳಿದರು. ಏನು ಬರೆದೆ ಎಂದು.

"ಪಾಸ್‌ವರ್ಡ್," ಎಂದೆ.

ಒಳಗಿದ್ದವರ ಪಟ್ಟಿ ತೆರೆಯಿತು. ಎಲ್ಲರೂ ಪ್ರಭಾಕರರೇ, ಆದರೆ ಈಗ ಅವರವರ ಫೋನಿನ ಹೆಸರೂ ಕಾಣುತ್ತಿತ್ತು. "ವಾಸು ನೌಪಾಡಾ" ಎಂಬ ಫೋನು ಮುಖ್ಯ ಅತಿಥಿಯ ಮೈಕನ್ನು ಇಳಿಸಿತ್ತು. (ನಿಮಗೂ ಗೊತ್ತಿತ್ತು, ಅಲ್ಲವೇ?) ಅದನ್ನು ಹೊರಗೆ ಹಾಕಿದೆ. ಹಿಂದಿನ ಸಾಲಿನ ಫೋನುಗಳನ್ನು ಹೊರಗೆ ಹಾಕಿದೆ, ಮುಂದಿನ ಸಾಲಿನವನ್ನೂ. ಮುಖ್ಯ ಅತಿಥಿಯದೂ ಒಂದಿತ್ತು. ಪಾಪ, ಅವರು ತಮ್ಮದನ್ನು ತಾವೇ ಏರಿಸಿಕೊಳ್ಳಲು ಪ್ರಯತ್ನಿಸಿದ್ದರು. ಯಾರೂ ಮರಳಿ ಬರದಂತೆ ಮಾಮನ ಪಾಸ್‌ವರ್ಡನ್ನೂ ಬದಲಿಸಿದೆ.

ಕೊನೆಗೆ ಒಂದು ಉಳಿಯಿತು. ಅದರ ಹೆಸರು "ಸುಮತಿ".

ಆ ಫೋನು ಏನು ಮಾಡಿದೆ ಎಂದು ನೋಡಿದೆ. ಬೇರೆ ಯಾವ ಮೈಕನ್ನೂ ಮುಟ್ಟಿರಲಿಲ್ಲ. ಮುಟ್ಟಿದ್ದು ಮೂರನೆಯದನ್ನು ಮಾತ್ರ. ಮೈಕ್ ಪರೀಕ್ಷೆಯ ಹೊತ್ತಿಗೆ ಒಮ್ಮೆ, ಈಗ ಕುರ್ಚಿಯಲ್ಲಿ ಕೂತ ಮೇಲೆ ಇನ್ನೊಮ್ಮೆ. ಎರಡು ಸಲವೂ ಕೆಳಗೆ.

ಕ್ಯಾಮೆರಾದಲ್ಲಿ ನೋಡಿದೆ. ಸುಮತಿಯಕ್ಕನ ಮಡಿಲಲ್ಲಿ ಫೋನಿತ್ತು. ಅರ್ಥದ ಟಿಪ್ಪಣಿಯನ್ನು ಈಗ ಎಲ್ಲರೂ ಫೋನಿನಲ್ಲೇ ಇಟ್ಟುಕೊಳ್ಳುವುದರಿಂದ ಯಾರಿಗೂ ವಿಚಿತ್ರವೆನಿಸಿರಲಿಲ್ಲ. ಅವರೂ ಮಾಮನ ಹತ್ತಿರ ಪಾಸ್‌ವರ್ಡ್ ಕೇಳಿ ಪಡೆದಿದ್ದರು. ತನ್ನ ಸ್ವರ ಹಿಂದಿನ ಸಾಲಿಗೆ ಹೋಗುವುದಿಲ್ಲ ಎಂದು ನನ್ನ ಹತ್ತಿರ ದೂರು ಹೇಳಿದವರು, ಹೋಗಿಬಿಟ್ಟರೆ ಗತಿಯೇನು ಎಂದು ತಾವೇ ಇಳಿಸಿಕೊಂಡು ಕೂತಿದ್ದರು.

ನಿಯಮದ ಪ್ರಕಾರ ಮಾಡಬೇಕಾದದ್ದು ಸುಲಭ. ಆ ಫೋನನ್ನು ತೆಗೆ, ಗೆರೆಯನ್ನು ಏರಿಸು. ನಾನು ಮಾತು ಕೊಟ್ಟದ್ದೂ ಅದನ್ನೇ. ಬೆರಳಿಟ್ಟೆ. ಆಮೇಲೆ ಹಿಂದೆಗೆದೆ.

ಹೆದರಿದವರ ಸ್ವರವನ್ನು ಇನ್ನೊಬ್ಬರು ದೂರದಿಂದ ದೊಡ್ಡದು ಮಾಡಿದರೆ ಹಿಂದಿನ ಸಾಲಿಗೆ ಹೋಗುವುದು ಆ ಹೆದರಿಕೆಯೇ ಅಲ್ಲವೇ?

ಆ ಫೋನನ್ನು ಪ್ರಭಾಕರ ಮಾಮನ ಹೆಸರಿನಿಂದ ಬಿಡಿಸಿ, ಸುಮತಿ ಎಂದೇ ಬೇರೆ ಮಾಡಿದೆ. ಮೂರನೇ ಮೈಕ್ ಮಾತ್ರ ಮುಟ್ಟುವ ಅಧಿಕಾರ ಕೊಟ್ಟೆ. ಗೆರೆ ಎಲ್ಲಿತ್ತೋ ಅಲ್ಲೇ ಬಿಟ್ಟೆ.

ಭಾಗವತರು ಪದ್ಯ ಎತ್ತಿದರು. ಮದ್ದಲೆಗೆ ಪೆಟ್ಟು ಬಿತ್ತು. ರಾಯಭಾರಿ ಶಕುಂತಲಾ ಆಂಟಿ ಸುರು ಮಾಡಿದರು. ಅವರ ಮೈಕನ್ನು ನಾನು ಬಹಳ ಕೆಳಗಿಳಿಸಿದೆ. ಏನೂ ವ್ಯತ್ಯಾಸವಾಗಲಿಲ್ಲ.

ರಾಣಿಯ ಸರದಿ ಬಂತು. ಸುಮತಿಯಕ್ಕ ಮಾತಾಡಿದರು. ತುಟಿ ಆಡುವುದು ಕಂಡಿತು, ನನಗೆ ಮಾತು ಅರ್ಧ ಕೇಳಿತು. ಹಿಂದಿನ ಸಾಲಿನಲ್ಲಿ ಒಂದು ತಲೆ ಪಕ್ಕದ ತಲೆಯ ಕಡೆ ಬಾಗಿತು. ಇನ್ನೊಂದು ಬಾಗಿತು. ಹೋದ ವರ್ಷದ್ದೇ ಮತ್ತೆ.

"ವಾಢವ್ ನಾ," ಎಂದರು ಕಾಕು. ಏರಿಸು ಎಂದು. ಅಷ್ಟರಲ್ಲಿ ಅವರಿಗೆ ಮೂರನೇ ಗೆರೆಯ ಮಹತ್ವ ತಿಳಿದಿತ್ತು.

"ಥಾಂಬಾ ಕಾಕು," ಎಂದೆ. ಸ್ವಲ್ಪ ತಡೆಯಿರಿ. ಕಾಕುವಿಗೆ ಹೇಳಿದೆನೋ ನನ್ನ ಬೆರಳಿಗೆ ಹೇಳಿದೆನೋ.

ಶಕುಂತಲಾ ಆಂಟಿಗೆ ಸಭೆಯ ನಾಡಿ ಗೊತ್ತು. ಎದುರಾಳಿ ಸೋಲುತ್ತಿದ್ದಾರೆಂದು ಕಂಡು ಕೆಣಕಿದರು. "ಏನು ದೇವಿ, ಕೋಟೆಯೇನೋ ದೊಡ್ಡದಿದೆ. ಒಳಗಿರುವವರ ಬಾಯಿಯೇ ಕಾಣಿಸದು. ನಮ್ಮ ಅರಸರಿಗೆ ಏನೆಂದು ತಿಳಿಸಲಿ, ಅಡುಗೆಮನೆಯಲ್ಲಿ ಯಾರೋ ಗೊಣಗಿದರು ಎಂದೇ?"

ಸಭೆ ನಕ್ಕಿತು. ಅಡುಗೆಮನೆ ಎಂಬ ಮಾತಿಗೆ ವಾಸಣ್ಣ ಮಾತ್ರ ನಗಲಿಲ್ಲ. ಅವರು ಎದ್ದು ಹಳೆಯ ಕಪಾಟಿನ ಪಕ್ಕ ಹೋಗಿ ನಿಂತರು. ಅಲ್ಲಿ ಈಗ ಗುಂಡಿ ಇಲ್ಲ. ಕಾಲು ತಾನಾಗಿ ಒಯ್ದಿರಬೇಕು.

ಸುಮತಿಯಕ್ಕ ಮಡಿಲು ನೋಡಿದರು.

ಮೂರನೇ ಗೆರೆ ಮೇಲೇರಿತು. ಒಂದೇ ಸಲಕ್ಕೆ, ಹದವಾದ ಜಾಗಕ್ಕೆ. ನಾನಾಗಿದ್ದರೆ ಅದಕ್ಕಿಂತ ಸ್ವಲ್ಪ ಕೆಳಗಿಡುತ್ತಿದ್ದೆ.

"ಹೌದು ರಾಯಭಾರಿ," ಎಂದರು. ಸ್ವರ ಅದೇ, ಸಣ್ಣದು, ಆದರೆ ಈಗ ಅದು ಸಭಾಂಗಣದ ಉದ್ದಕ್ಕೂ ಇತ್ತು. "ಅಡುಗೆಮನೆಯಿಂದಲೇ ಬಂದೆ. ನಿನ್ನ ಅರಸನ ಮನೆಯಲ್ಲಿ ಬಾಯಿ ದೊಡ್ಡದು, ಒಲೆ ತಣ್ಣಗೆ ಎಂದು ಕೇಳಿದ್ದೇವೆ. ಅಷ್ಟು ದೂರದಿಂದ ಹಸಿದು ಬಂದಿದ್ದೀಯ. ಮೊದಲು ಕೈ ತೊಳೆದು ಉಣ್ಣು. ಹಸಿದವನ ಹತ್ತಿರ ಯುದ್ಧದ ಮಾತಾಡುವ ಕ್ರಮ ನಮ್ಮಲ್ಲಿಲ್ಲ. ಉಂಡ ಮೇಲೂ ಕೋಟೆ ಬೇಕೆಂದರೆ, ಬಡಿಸಿದ ಕೈಯೇ ಉತ್ತರ ಕೊಡುತ್ತದೆ."

ಹಿಂದಿನ ಸಾಲಿನ ತಲೆಗಳು ನೇರವಾದವು. ಚಪ್ಪಾಳೆ ಮೊದಲು ಬಂದದ್ದೇ ಅಲ್ಲಿಂದ. ಶಕುಂತಲಾ ಆಂಟಿ ಬಾಯಿ ತೆರೆದವರು ಭಾಗವತರ ಕಡೆ ನೋಡಿದರು. ಭಾಗವತರು ನಗುತ್ತ ಮುಂದಿನ ಪದ್ಯ ಎತ್ತಿದರು. ಕಾಕುವಿಗೆ ಕನ್ನಡ ಬಾರದು, ಇಯರ್‌ಫೋನೂ ನನ್ನ ಕಿವಿಯಲ್ಲೇ ಇತ್ತು. ಆದರೂ ನನ್ನ ತೋಳು ತಟ್ಟಿ, "ಚಾಂಗ್ಲಂ ಬೋಲ್ಲಿ," ಎಂದರು. ಚೆನ್ನಾಗಿ ಮಾತಾಡಿದಳು ಎಂದು.

ಬಸ್ಸು ಹೊರಟಿತು.

ನಾನು ಸಭಾಂಗಣ ಸೇರುವಾಗ ಮಂಗಳ ಹಾಡಿ ಮುಗಿದು ತಿಂಡಿ ಬಡಿಸುತ್ತಿದ್ದರು. ಅಂದಿನ ತಿಂಡಿ ಯಾವುದೆಂದು ಹೇಳಬೇಕೆ? ತಟ್ಟೆ ಹಿಡಿದು ನಿಂತವರೆಲ್ಲ ನನ್ನನ್ನು ನೋಡಿ, ತಟ್ಟೆ ನೋಡಿ, ಮತ್ತೆ ನನ್ನನ್ನು ನೋಡಿದರು. ಈಗ ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಮೇಲೂ ನನಗೆ ಆ ಹೆಸರಿನ ಕೂಗು ಕೇಳುತ್ತದೆ. ಅಭ್ಯಾಸ ಮಾಡಿಕೊಳ್ಳುತ್ತಿದ್ದೇನೆ.

ಪ್ರಭಾಕರ ಮಾಮನನ್ನು ಬದಿಗೆ ಕರೆದು ಕೇಳಿದೆ, ಪಾಸ್‌ವರ್ಡನ್ನು ಎಲ್ಲರಿಗೂ ಏಕೆ ಕೊಟ್ಟಿರಿ ಎಂದು.

"ಕೇಳಿದ್ರು," ಎಂದರು ಮುಗ್ಧವಾಗಿ. "ಹೋಟೆಲು ನಡೆಸಿದವ ನಾನು. ಬಂದವರು ನೀರು ಕೇಳಿದ್ರೆ ಇಲ್ಲ ಅನ್ಲಿಕ್ಕೆ ಉಂಟಾ?"

"ನೀರು ಕೊಡಿ ಮಾಮ. ಅಡುಗೆಮನೆಯ ಬೀಗದ ಕೈ ಯಾಕೆ ಕೊಡ್ತೀರಿ?"

ಅವರು ಯೋಚಿಸಿದರು. "ಅದು ಹೌದು," ಎಂದರು. ಭದ್ರತೆಯ ಬಗ್ಗೆ ನಾನು ಮಾಡಿದ ಉಪನ್ಯಾಸಗಳಲ್ಲಿ ಅವರ ತಲೆಗೆ ಹೋದದ್ದು ಇದೊಂದೇ ಎಂದು ಕಾಣುತ್ತದೆ.

ಮಾರನೆಯ ದಿನ ಸುಮತಿಯಕ್ಕ ಫೋನ್ ಮಾಡಿದರು.

"ನಾನು ಕಮ್ಮಿ ಮಾಡಿದ್ದು ನಿಂಗೆ ಕಂಡಿತಾ?"

"ಕಂಡಿತು."

"ಮತ್ತೆ ನೀನು ಯಾಕೆ ಜಾಸ್ತಿ ಮಾಡ್ಲಿಲ್ಲ? ಮೈಕ್ ನೋಡಿಕೊಳ್ತೇನೆ ಅಂದಿದ್ದೆ."

"ನೋಡ್ತಾನೇ ಇದ್ದೆ ಸುಮತಿಯಕ್ಕ. ನೀವೇ ಮಾಡ್ತೀರಿ ಅನ್ನಿಸ್ತು."

"ಮಾಡದಿದ್ರೆ?"

"ಇನ್ನೊಂದು ಪದ್ಯ ಕಾಯ್ತಿದ್ದೆ. ಆಮೇಲೆ ನಾನೇ ಮಾಡ್ತಿದ್ದೆ."

ಆ ಕಡೆ ಕುಕ್ಕರಿನ ಸೀಟಿ ಕೇಳಿತು.

"ಬರುವ ವರ್ಷಕ್ಕೂ ನನ್ನನ್ನೇ ಕರ್ದಿದ್ದಾರೆ," ಎಂದರು. "ಆ ಮೂರನೇದ್ದು ನನ್ನ ಹತ್ತಿರವೇ ಇರ್ಲಿ. ಆಯ್ತಾ?"

ಹೊಸ ಪಾಸ್‌ವರ್ಡ್ ಮಾಡಿ ಕಳಿಸಿದೆ. ಯಾರಿಗೂ ಹೇಳಬೇಡಿ ಎಂದು ಬರೆಯಲು ಹೊರಟು, ಬರೆಯದೆ ಬಿಟ್ಟೆ. ಬರೆಯುವ ಅಗತ್ಯವಿರಲಿಲ್ಲವೆಂದು ನಿನ್ನೆ ಗೊತ್ತಾಯಿತು. ವಾಸಣ್ಣ ಮನೆಗೆ ಬಂದು, ಅಮ್ಮ ಕೊಟ್ಟ ಚಹಾ ಕುಡಿದು, ಕೊನೆಗೆ ಸಂಕೋಚದಿಂದ ವಿಷಯಕ್ಕೆ ಬಂದರು: ಮೂರನೇ ಮೈಕಿನ ಪಾಸ್‌ವರ್ಡ್ ಒಮ್ಮೆ ಬೇಕಿತ್ತು, ಸುಮ್ಮನೆ, ನೋಡಲಿಕ್ಕೆ.

"ಮನೆಯಲ್ಲೇ ಉಂಟಲ್ವಾ ವಾಸಣ್ಣ, ಸುಮತಿಯಕ್ಕನ ಹತ್ತಿರ ಕೇಳಿ," ಎಂದೆ.

"ಕೇಳಿದೆ ಮಾರಾಯ್ತಿ," ಎಂದರು. "ಮೊದಲು ಕೈ ತೊಳೆದು ಉಣ್ಣಿ ಅಂದಳು."